ಶೇಂಗಾ ಸೀಮೆಯ ಒಂದು ಶಾಲೆ: 1930-1941



1991ರಲ್ಲಿ ನನ್ನ ಒಂಬತ್ತನೆಯ ತರಗತಿಯಲ್ಲಿ ಕುಳಿತಿದ್ದವರಿಗೆ ಆ ಕೊಠಡಿ ನೆನಪಿರಬಹುದು. ಮೂಲೆಯ ಹೆಂಚು ಒಡೆದು ಬಿಸಿಲಿನ ಒಂದು ಕೋಲು ನೇರವಾಗಿ ಕರಿಹಲಗೆಯ ಮೇಲೆ ಬೀಳುತ್ತಿತ್ತು. ಹನ್ನೊಂದೂವರೆಯಾಯಿತು ಎಂಬುದನ್ನು ನಾವು ಗಂಟೆಯ ಬದಲು ಆ ಬಿಸಿಲಿನಿಂದಲೇ ತಿಳಿಯುತ್ತಿದ್ದೆವು. ಅಂತಹ ಒಂದು ದಿನ ನಾನು 1929ರ ಆರ್ಥಿಕ ಮಹಾಕುಸಿತದ ಪಾಠ ಮಾಡುತ್ತಿದ್ದೆ. ಪಠ್ಯಪುಸ್ತಕದಲ್ಲಿ ಅದಕ್ಕೆ ದೊರೆತಿದ್ದುದು ಅರ್ಧ ಪುಟ. ನ್ಯೂಯಾರ್ಕಿನ ಷೇರುಪೇಟೆ ಬಿತ್ತು, ಬ್ಯಾಂಕುಗಳು ಮುಚ್ಚಿದವು, ಕೋಟಿಗಟ್ಟಲೆ ಜನ ನಿರುದ್ಯೋಗಿಗಳಾದರು, ರೂಸ್‌ವೆಲ್ಟ್ ಬಂದು 'ನ್ಯೂ ಡೀಲ್' ತಂದರು. ಪರೀಕ್ಷೆಗೆ ನಾಲ್ಕು ಅಂಕದ ಒಂದು ಪ್ರಶ್ನೆ.

ಕಿಟಕಿಯ ಪಕ್ಕದ ಹುಡುಗನೊಬ್ಬ ಎದ್ದು ನಿಂತು ಕೇಳಿದ: "ಮೇಡಂ, ಆಗ ಅಲ್ಲಿ ಹುಡುಗರು ಸ್ಕೂಲಿಗೆ ಹೋಗ್ತಿದ್ರಾ?"

ತರಗತಿ ನಕ್ಕಿತು. ನಾನೂ ನಕ್ಕೆನೆಂದು ನೆನಪು. ಉತ್ತರ ನನಗೆ ತಿಳಿದಿರಲಿಲ್ಲ. 'ನಾಳೆ ನೋಡೋಣ' ಎಂದು ಕೂರಿಸಿದೆ. ಶಿಕ್ಷಕರ 'ನಾಳೆ ನೋಡೋಣ'ಕ್ಕೆ ಏನು ಅರ್ಥವೆಂಬುದು ನಿಮಗೆಲ್ಲ ಗೊತ್ತೇ ಇದೆ. ಆ ನಾಳೆ ಬರುವುದಕ್ಕೆ ಇಪ್ಪತ್ತೇಳು ವರ್ಷ ಹಿಡಿಯಿತು.

2018ರಲ್ಲಿ ಮಗಳ ಮನೆಗೆಂದು ಅಟ್ಲಾಂಟಾಕ್ಕೆ ಹೋಗಿದ್ದಾಗ ಅಳಿಯ ಒಂದು ಶನಿವಾರ ನನ್ನನ್ನು ದಕ್ಷಿಣಕ್ಕೆ ಸುಮಾರು ಮೂರು ಗಂಟೆಯ ದಾರಿ ಕರೆದೊಯ್ದರು. ಊರಿನ ಹೆಸರು ಪ್ಲೇನ್ಸ್. ಆರೇಳುನೂರು ಜನಸಂಖ್ಯೆಯ ಹಳ್ಳಿ. ರಸ್ತೆಯ ಎರಡೂ ಬದಿ ಕೆಂಪು ಮಣ್ಣು, ಶೇಂಗಾ ಹೊಲ. ಚಳ್ಳಕೆರೆಯ ಸೀಮೆಯಲ್ಲಿ ಮೂರು ದಶಕ ಕಳೆದವಳಿಗೆ ಆ ಮಣ್ಣನ್ನು ಯಾರೂ ಪರಿಚಯಿಸಬೇಕಾಗಿರಲಿಲ್ಲ. ಊರಿನ ನಡುವೆ ಕಂಬಗಳುಳ್ಳ ಇಟ್ಟಿಗೆಯ ಕಟ್ಟಡವೊಂದಿದೆ. ಅದು 1921ರಲ್ಲಿ ಕಟ್ಟಿದ ಪ್ಲೇನ್ಸ್ ಹೈಸ್ಕೂಲು. 1979ರಲ್ಲಿ ಶಾಲೆ ಮುಚ್ಚಿತು. ಈಗ ಅದು ಜಿಮ್ಮಿ ಕಾರ್ಟರ್ ರಾಷ್ಟ್ರೀಯ ಐತಿಹಾಸಿಕ ಉದ್ಯಾನದ ವಸ್ತುಸಂಗ್ರಹಾಲಯ. ಒಂದು ತರಗತಿಯ ಕೊಠಡಿ, ಮುಖ್ಯೋಪಾಧ್ಯಾಯರ ಕೊಠಡಿ ಮತ್ತು ಸಭಾಂಗಣವನ್ನು ಹಳೆಯ ಕಾಲದಲ್ಲಿದ್ದಂತೆಯೇ ಇರಿಸಿದ್ದಾರೆ. ಮಿಕ್ಕವರು ಅಧ್ಯಕ್ಷರ ಮೇಜಿನ ಪ್ರತಿಕೃತಿಯ ಮುಂದೆ ಚಿತ್ರ ತೆಗೆಸಿಕೊಳ್ಳುತ್ತಿದ್ದರು. ನಾನು ಆ ತರಗತಿಯೊಳಗೆ ಹೋಗಿ ನಿಂತೆ. ಕೈ ತಾನಾಗಿ ಸುಣ್ಣದ ಕಡ್ಡಿ ಹುಡುಕಿತು.

ಜಿಮ್ಮಿ ಕಾರ್ಟರ್ ಅಮೆರಿಕದ 39ನೆಯ ಅಧ್ಯಕ್ಷರು. 1924ರಲ್ಲಿ ಹುಟ್ಟಿ 2024ರ ಡಿಸೆಂಬರ್ 29ರಂದು, ನೂರು ತುಂಬಿದ ಮೇಲೆ, ತೀರಿಕೊಂಡರು. ಅವರ ರಾಜಕೀಯ ಈ ಬರಹದ ವಿಷಯವಲ್ಲ. ನನ್ನನ್ನು ಹಿಡಿದು ನಿಲ್ಲಿಸಿದ್ದು ಎರಡು ಇಸವಿಗಳು. ಅವರು ಈ ಶಾಲೆಯ ಒಂದನೆಯ ತರಗತಿಗೆ ಸೇರಿದ್ದು 1930ರಲ್ಲಿ, ಹೊರಬಿದ್ದದ್ದು 1941ರಲ್ಲಿ. ಆ ಕಾಲಕ್ಕೆ ಅಲ್ಲಿ ಹನ್ನೊಂದು ತರಗತಿಗಳೇ ಇದ್ದವು, ಎಲ್ಲವೂ ಒಂದೇ ಕಟ್ಟಡದಲ್ಲಿ. ಷೇರುಪೇಟೆ ಬಿದ್ದ ಮರುವರ್ಷ ಅಕ್ಷರಾಭ್ಯಾಸ, ದೇಶ ಯುದ್ಧಕ್ಕಿಳಿಯುವ ವರ್ಷ ಬೀಳ್ಕೊಡುಗೆ. ಮಹಾಕುಸಿತವೆಂಬ ಆ ಅರ್ಧ ಪುಟದಷ್ಟೂ ಉದ್ದಕ್ಕೆ ಒಬ್ಬ ಹುಡುಗ ಶಾಲೆಗೆ ಹೋಗಿದ್ದ. ನನ್ನ ಹುಡುಗನ ಪ್ರಶ್ನೆಗೆ ಇದಕ್ಕಿಂತ ಚೊಕ್ಕವಾದ ಉತ್ತರ ಎಲ್ಲಿ ಸಿಕ್ಕೀತು? ಊರಿಗೆ ಮರಳುವಾಗ ಕಾರ್ಟರ್ ಅವರ ಎರಡು ಆತ್ಮಕಥನಗಳನ್ನು ಕೊಂಡು ತಂದೆ: 1975ರ 'ವೈ ನಾಟ್ ದ ಬೆಸ್ಟ್?' ಮತ್ತು 2001ರ 'ಆ್ಯನ್ ಅವರ್ ಬಿಫೋರ್ ಡೇಲೈಟ್'. ಮುಂದಿನದರಲ್ಲಿ ಬಹುಪಾಲು ಅವುಗಳನ್ನು ಓದಿ ತಿಳಿದದ್ದು.

ಮೊದಲು ಆ ಊರಿನ ಸ್ಥಿತಿ. ಅಲ್ಲಿಯ ಬದುಕು ಹತ್ತಿ ಮತ್ತು ಶೇಂಗಾದ ಮೇಲೆ ನಿಂತಿತ್ತು. 1929ರಲ್ಲಿ ಪೌಂಡಿಗೆ ಸುಮಾರು 17 ಸೆಂಟು ಇದ್ದ ಹತ್ತಿಯ ಬೆಲೆ ಮೂರು ವರ್ಷದೊಳಗೆ ಆರು ಸೆಂಟಿನ ಆಸುಪಾಸಿಗೆ ಕುಸಿಯಿತು. ಬೆಲೆ ಏರಲೆಂದು 1933ರಲ್ಲಿ ಸರ್ಕಾರವೇ ರೈತರಿಗೆ ಹಣ ಕೊಟ್ಟು, ಬೆಳೆದು ನಿಂತ ಹತ್ತಿಯ ಒಂದು ಭಾಗವನ್ನು ಉಳಿಸಿ ಉತ್ತು ಹಾಕಿಸಿತು. ಸಾಲಿನ ಮೇಲೆ ಕಾಲಿಡಬಾರದೆಂದು ಪಳಗಿಸಿದ್ದ ಹೇಸರಗತ್ತೆಗಳು ಹತ್ತಿಯ ಗಿಡ ತುಳಿಯಲು ಒಪ್ಪಲಿಲ್ಲವೆಂದು ಆ ಸೀಮೆಯವರು ಬಹುಕಾಲ ಹೇಳಿಕೊಳ್ಳುತ್ತಿದ್ದರು. ಹೊಲದ ಕೂಲಿ ಗಂಡಾಳಿಗೆ ದಿನಕ್ಕೆ ಒಂದು ಡಾಲರಿನ ಸುತ್ತಮುತ್ತ. ಕಾರ್ಟರ್ ಕುಟುಂಬ ಬಡ ಕುಟುಂಬವೆಂದು ಹೇಳಲಾಗದು. ತಂದೆಗೆ ಜಮೀನಿತ್ತು, ಅಂಗಡಿಯಿತ್ತು, ಕೈಕೆಳಗೆ ಆಳುಕಾಳುಗಳಿದ್ದರು. ಆದರೂ ಆ ಮನೆಗೆ ವಿದ್ಯುತ್ತು ಬಂದದ್ದು 1938ರಲ್ಲಿ. ಹುಡುಗ ಬೇಸಿಗೆಯುದ್ದಕ್ಕೂ ಬರಿಗಾಲಿನಲ್ಲಿರುತ್ತಿದ್ದ. ಐದಾರರ ವಯಸ್ಸಿನಲ್ಲೇ ಬೇಯಿಸಿದ ಶೇಂಗಾವನ್ನು ಪೊಟ್ಟಣ ಕಟ್ಟಿ, ರೈಲು ಹಳಿಯ ಗುಂಟ ಊರಿಗೆ ನಡೆದು, ಪೊಟ್ಟಣಕ್ಕೆ ಐದು ಸೆಂಟಿನಂತೆ ಮಾರುತ್ತಿದ್ದ. ಬೇಯಿಸಿದ ಶೇಂಗಾ! ನಮ್ಮಲ್ಲಿ ಅದನ್ನು ಸಂತೆಯ ದಿನ ಬುಟ್ಟಿಯಲ್ಲಿಟ್ಟು ಮಾರುತ್ತಿದ್ದ ಎಷ್ಟು ಮಕ್ಕಳ ಹೆಸರು ನನ್ನ ಹಾಜರಿ ಪುಸ್ತಕದಲ್ಲಿತ್ತು!

ಇಲ್ಲಿ ಒಂದು ವಿಚಿತ್ರವನ್ನು ಹೇಳಬೇಕು. ಕೆಲಸವಿಲ್ಲ, ಹಣವಿಲ್ಲ ಎಂದ ಮೇಲೆ ಮಕ್ಕಳು ಶಾಲೆ ಬಿಟ್ಟಿರಬೇಕೆಂದು ನಾನು ಊಹಿಸಿದ್ದೆ. ನಡೆದದ್ದು ಅದಕ್ಕೆ ವಿರುದ್ಧ. 1929-30ರಲ್ಲಿ ಅಮೆರಿಕದ ಸಾರ್ವಜನಿಕ ಪ್ರೌಢಶಾಲೆಗಳಲ್ಲಿ ಸುಮಾರು 44 ಲಕ್ಷ ವಿದ್ಯಾರ್ಥಿಗಳಿದ್ದರು. 1939-40ರ ಹೊತ್ತಿಗೆ ಸುಮಾರು 66 ಲಕ್ಷ. ಹದಿನೇಳು ವಯಸ್ಸಿನ ನೂರು ಮಂದಿಯಲ್ಲಿ 1930ರಲ್ಲಿ ಪ್ರೌಢಶಾಲೆ ಮುಗಿಸುತ್ತಿದ್ದವರು 29 ಮಂದಿ. ಹತ್ತು ವರ್ಷದ ನಂತರ 51. ಅಂದರೆ ಆ ದೇಶದಲ್ಲಿ ಪ್ರೌಢಶಾಲೆಯು ಬಹುಜನರ ಸೊತ್ತಾದದ್ದು ಅದರ ಇತಿಹಾಸದ ಅತ್ಯಂತ ದರಿದ್ರ ದಶಕದಲ್ಲಿ. ಕಾರಣ ಸರಳ. ಹದಿನಾಲ್ಕು, ಹದಿನೈದರ ಹುಡುಗರನ್ನು ಸೆಳೆದುಕೊಳ್ಳುತ್ತಿದ್ದ ಕಾರ್ಖಾನೆಗಳ ಬಾಗಿಲೇ ಮುಚ್ಚಿತ್ತು. ನಾಲ್ವರಲ್ಲಿ ಒಬ್ಬ ದುಡಿಮೆಗಾರನಿಗೆ ಕೆಲಸವಿಲ್ಲದ 1933ರಲ್ಲಿ ಬಾಲಕರಿಗೆ ಯಾರು ಕೆಲಸ ಕೊಟ್ಟಾರು? ಇರುವ ಕೆಲಸ ದೊಡ್ಡವರಿಗೆ ಸಿಗಲೆಂದು ಮಕ್ಕಳ ದುಡಿಮೆಗೆ ಕಟ್ಟಳೆಗಳೂ ಬಂದವು. 1938ರಲ್ಲಿ ಅದು ಕಾಯಿದೆಯಾಯಿತು. ಬೇರೆ ಹೋಗುವ ಜಾಗವಿಲ್ಲದೆ ಮಕ್ಕಳು ಶಾಲೆಯಲ್ಲಿ ಉಳಿದರು. ವಿದ್ಯೆಯ ಮೇಲಿನ ಪ್ರೀತಿಯೇ ಅವರನ್ನು ಉಳಿಸಿತೆಂದು ಬರೆಯಲು ಶಿಕ್ಷಕಿಯಾದ ನನಗೆ ಆಸೆಯಾಗುತ್ತದೆ, ಆದರೆ ಅಂಕಿ ಅಂಶಗಳು ಹಾಗೆ ಹೇಳುವುದಿಲ್ಲ.

ಮಕ್ಕಳೇನೋ ಬಂದರು; ಕಲಿಸುವವರಿಗೆ ಸಂಬಳ? ಷಿಕಾಗೊ ನಗರದ ಶಿಕ್ಷಕರಿಗೆ ತಿಂಗಳುಗಟ್ಟಲೆ ನಗದು ಸಂಬಳವಿರಲಿಲ್ಲ. ಹಣದ ಬದಲು ಮುಂದೆಂದೋ ನಗದಾಗುವ ಚೀಟಿ. ಅಂಗಡಿಯವರು ಅದನ್ನು ಮುಖಬೆಲೆಗಿಂತ ಕಡಿಮೆಗೆ ತೆಗೆದುಕೊಳ್ಳುತ್ತಿದ್ದರು, ಕೆಲವರು ಮುಟ್ಟುತ್ತಲೇ ಇರಲಿಲ್ಲ. 1933ರ ಏಪ್ರಿಲಿನಲ್ಲಿ ಸಾವಿರಾರು ಶಿಕ್ಷಕರು ಬೀದಿಗಿಳಿದು ನಗರದ ದೊಡ್ಡ ಬ್ಯಾಂಕುಗಳೊಳಕ್ಕೆ ನುಗ್ಗಿದರು. ಬಾಕಿ ತೀರಿದ್ದು ಕೇಂದ್ರ ಸರ್ಕಾರದ ಸಾಲ ದೊರೆತ ಮೇಲೆ, 1934ರ ಆಗಸ್ಟಿನಲ್ಲಿ. ಇನ್ನೂ ಒಂದು ಸಂಗತಿ. 1930-31ರ ಒಂದು ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ನಗರಗಳ ಶಾಲಾ ಆಡಳಿತಗಳಲ್ಲಿ ಸುಮಾರು ಮುಕ್ಕಾಲು ಪಾಲು ಮದುವೆಯಾದ ಹೆಂಗಸರನ್ನು ಶಿಕ್ಷಕಿಯರಾಗಿ ನೇಮಿಸಿಕೊಳ್ಳುತ್ತಲೇ ಇರಲಿಲ್ಲ. ಅರ್ಧಕ್ಕಿಂತ ಹೆಚ್ಚಿನವು ಕೆಲಸದಲ್ಲಿದ್ದವಳು ಮದುವೆಯಾದರೆ ಮನೆಗೆ ಕಳಿಸುತ್ತಿದ್ದವು. ಒಂದು ಮನೆಗೆ ಎರಡು ಸಂಬಳವೇಕೆ ಎಂಬುದು ಅವರ ವಾದ. 1986ರಲ್ಲಿ ನನ್ನ ಮದುವೆಯ ಕರೆಯೋಲೆ ಹಿಡಿದು ಹೋದಾಗ ನಮ್ಮ ಮುಖ್ಯೋಪಾಧ್ಯಾಯರು ಕೇಳಿದ್ದು ಒಂದೇ ಮಾತು: "ರಜ ಎಷ್ಟು ದಿನ ಬೇಕಮ್ಮಾ?" ಅಂದು ಆ ಮಾತಿನ ಬೆಲೆ ನನಗೆ ತಿಳಿಯಲಿಲ್ಲ.

ಪ್ಲೇನ್ಸ್ ಶಾಲೆಯ ಜೀವವಾಗಿದ್ದವರೂ ಒಬ್ಬ 'ಮಿಸ್'. ಜೂಲಿಯಾ ಕೋಲ್ಮನ್. 1889ರಲ್ಲಿ ಹುಟ್ಟಿದವರು, ಮದುವೆಯಾಗಲಿಲ್ಲ. ಗಿಡ್ಡ ಆಳು, ಕಾಲು ಸ್ವಲ್ಪ ಕುಂಟು, ಕಣ್ಣಿನ ದೃಷ್ಟಿಯೂ ಮಂದ. ಇಂಗ್ಲಿಷ್ ಕಲಿಸುತ್ತಿದ್ದರು, ಶಾಲೆಯ ಆಡಳಿತವನ್ನೂ ನೋಡಿಕೊಳ್ಳುತ್ತಿದ್ದರು. ಊರೆಲ್ಲ ಅವರನ್ನು 'ಮಿಸ್ ಜೂಲಿಯಾ' ಎಂದೇ ಕರೆಯಿತು.

ಅವರು ಮಾಡಿದ್ದೇನೆಂದು ನೋಡಿದರೆ ಯಾವುದೂ ದುಬಾರಿಯದಲ್ಲ. ದಿನವೂ ಬೆಳಿಗ್ಗೆ ಮಕ್ಕಳೆಲ್ಲ ಸಭಾಂಗಣದಲ್ಲಿ ಸೇರಿ ಪ್ರಾರ್ಥನೆ ಮಾಡುತ್ತಿದ್ದರು. ತರಗತಿಯಲ್ಲಿ ಪದ್ಯಗಳನ್ನು ಬಾಯಿಪಾಠ ಮಾಡಬೇಕು; ಎದ್ದು ನಿಂತು ಹೇಳಬೇಕು. ಸಂಗೀತ ಕೇಳಿಸುತ್ತಿದ್ದರು, ದೊಡ್ಡ ಕಲಾವಿದರ ಚಿತ್ರಗಳ ಅಚ್ಚುಪ್ರತಿಗಳನ್ನು ತೋರಿಸುತ್ತಿದ್ದರು. ಚರ್ಚಾಸ್ಪರ್ಧೆ, ಏಕಾಂಕ ನಾಟಕ. ಹೊಲದಿಂದ ಬಂದ, ಅಂಗಾಲಿಗೆ ಕೆಂಪು ಮಣ್ಣು ಮೆತ್ತಿದ ಹುಡುಗರು ವೇದಿಕೆ ಹತ್ತಿ ವಾದ ಮಾಡುತ್ತಿದ್ದರು. ಓದಿಗೆ ಅವರು ಮಾಡಿದ ಉಪಾಯ ನನ್ನ ಬಿ.ಎಡ್. ತರಗತಿಯ ಯಾವ ಪುಸ್ತಕದಲ್ಲೂ ಇಷ್ಟು ಸರಳವಾಗಿ ಇರಲಿಲ್ಲ. ಐದು ಪುಸ್ತಕ ಓದಿ ವರದಿ ಬರೆದರೆ ಒಂದು ಬೆಳ್ಳಿಯ ಬಣ್ಣದ ನಕ್ಷತ್ರ; ಹತ್ತಕ್ಕೆ ಚಿನ್ನದ ಬಣ್ಣದ್ದು.

ಜಿಮ್ಮಿಗೆ ಹನ್ನೆರಡರ ಸುಮಾರು. ಮಿಸ್ ಜೂಲಿಯಾ ಕರೆದು, ನೀನು ಈಗ 'ವಾರ್ ಆ್ಯಂಡ್ ಪೀಸ್' ಓದಬಹುದು ಎಂದರು. ಹೆಸರು ಕೇಳಿ ಹುಡುಗನಿಗೆ ಬಲು ಸಂತೋಷ; ಕೊನೆಗೂ ಕೌಬಾಯ್‌ಗಳ ಮತ್ತು ಇಂಡಿಯನ್ನರ ಕಾಳಗದ ಪುಸ್ತಕ! ಗ್ರಂಥಾಲಯದಿಂದ ತಂದು ನೋಡಿದರೆ ಸಾವಿರಕ್ಕೂ ಹೆಚ್ಚು ಪುಟ, ರಷ್ಯಾದ ಕಥೆ, ನಾಲಗೆ ತಿರುಗದ ಹೆಸರುಗಳು, ಒಬ್ಬ ಕೌಬಾಯ್ ಕೂಡ ಇಲ್ಲ. ಆದರೂ ಓದಿದ. ಮುಂದೆ ಹಲವು ಸಲ ಓದಿದ. ಇತಿಹಾಸವನ್ನು ನಡೆಸುವವರು ಚಕ್ರವರ್ತಿಗಳಷ್ಟೇ ಅಲ್ಲ, ಸಾಮಾನ್ಯ ಜನ ಎಂಬುದನ್ನು ಆ ಪುಸ್ತಕದಿಂದ ಕಲಿತೆನೆಂದು ಬರೆದುಕೊಂಡಿದ್ದಾರೆ. ಹನ್ನೆರಡು ವರ್ಷದ, ಹಳ್ಳಿಯ ಹುಡುಗನ ಕೈಗೆ ಟಾಲ್‌ಸ್ಟಾಯ್‌! ನಾನಾಗಿದ್ದರೆ ಕೊಡುತ್ತಿದ್ದೆನೇ? ನಿಜ ಹೇಳಬೇಕೆಂದರೆ ಇಲ್ಲ. 'ಇವನಿಗೆ ಎಟುಕದು' ಎಂದು ನಾನೇ ನಿರ್ಧರಿಸಿ, ಚಿಕ್ಕ ಕಥೆಯ ಪುಸ್ತಕವನ್ನು ಕೊಟ್ಟು ಕಳಿಸುತ್ತಿದ್ದೆ. ಹಾಗೆಂದು ನಿರ್ಧರಿಸಿ ಎಷ್ಟು ಮಂದಿಯನ್ನು ಚಿಕ್ಕ ಪುಸ್ತಕದಲ್ಲೇ ನಿಲ್ಲಿಸಿದೆನೋ, ಲೆಕ್ಕವಿಲ್ಲ.

ನಿಮ್ಮಲ್ಲಿ ಯಾರಾದರೂ ಒಬ್ಬರು ಈ ದೇಶದ ಅಧ್ಯಕ್ಷರಾಗಬಹುದು ಎಂದು ಮಿಸ್ ಜೂಲಿಯಾ ತರಗತಿಯಲ್ಲಿ ಹೇಳುತ್ತಿದ್ದರಂತೆ. ಇಂಥ ಮಾತನ್ನು ನಾವೆಲ್ಲರೂ ಆಡಿದ್ದೇವೆ, ಬಾಯಿಮಾತಿಗೆ. ಹತ್ತಿಯ ಬೆಲೆ ಆರು ಸೆಂಟಿದ್ದಾಗ, ಆರೇಳುನೂರು ಜನರ ಊರಿನಲ್ಲಿ ಅದನ್ನು ಆಡುವುದಕ್ಕೆ ಬೇರೆಯದೇ ಎದೆ ಬೇಕು.

ಕಲಿಕೆಯಷ್ಟೇ ಬಿಸಿಯಾಗಿದ್ದುದು ಹೊಲದ ಪಾಠ. 'ಅಮೆರಿಕದ ಭಾವೀ ರೈತರು' ಎಂಬ, 1928ರಲ್ಲಿ ಹುಟ್ಟಿದ ಸಂಘಕ್ಕೆ ಹುಡುಗರು ಸೇರುತ್ತಿದ್ದರು, ಜಿಮ್ಮಿಯೂ ಸೇರಿದ್ದ. ಬೇಸಾಯ, ಬಡಗಿತನ, ಕಮ್ಮಾರಿಕೆ ಕಲಿಯುತ್ತಿದ್ದರು. ಮನೆಗಳಲ್ಲಿ ತಾಯಂದಿರು ಹಿಟ್ಟಿನ ಚೀಲ, ದನದ ಮೇವಿನ ಚೀಲಗಳ ಬಟ್ಟೆಯಿಂದ ಹುಡುಗಿಯರಿಗೆ ಅಂಗಿ ಹೊಲಿಯುತ್ತಿದ್ದರು. ಇದು ಆ ದೇಶದ ಹಳ್ಳಿಗಾಡಿನಲ್ಲೆಲ್ಲ ಎಷ್ಟು ವ್ಯಾಪಕವಾಯಿತೆಂದರೆ, ಹಿಟ್ಟಿನ ಗಿರಣಿಗಳು ಚೀಲಗಳ ಮೇಲೆ ಹೂಬಳ್ಳಿಯ ಚಿತ್ತಾರ ಅಚ್ಚು ಹಾಕಿಸತೊಡಗಿದವು. ಜಾರ್ಜಿಯಾ ರಾಜ್ಯದಲ್ಲಿ ಮಕ್ಕಳಿಗೆ ಪಠ್ಯಪುಸ್ತಕ ಉಚಿತವಾದದ್ದು 1937ರಲ್ಲಿ, ರಿವರ್ಸ್ ಎಂಬುವರು ರಾಜ್ಯಪಾಲರಾಗಿದ್ದಾಗ. ಅದಕ್ಕೆ ಮೊದಲು ಹೆತ್ತವರೇ ಕೊಳ್ಳಬೇಕಿತ್ತು. ದೇಶದ ಮಟ್ಟದಲ್ಲಿ 1935ರಲ್ಲಿ ಬಂದ ರಾಷ್ಟ್ರೀಯ ಯುವಜನ ಆಡಳಿತವು ಶಾಲೆ ಬಿಡುವ ಹಂತದಲ್ಲಿದ್ದ ಪ್ರೌಢಶಾಲಾ ಮಕ್ಕಳಿಗೆ ಗ್ರಂಥಾಲಯ, ಕಚೇರಿ, ಶಾಲೆಯ ಅಂಗಳದ ಕೆಲಸ ಕೊಟ್ಟು ತಿಂಗಳಿಗೆ ಹೆಚ್ಚೆಂದರೆ ಆರು ಡಾಲರು ಕೊಡುತ್ತಿತ್ತು. ಬಸ್ಸಿಗೆ, ಊಟಕ್ಕೆ, ಒಂದು ಜೊತೆ ಷೂಗೆ ಆ ಆರು ಡಾಲರು.

ಬೀಳ್ಕೊಡುಗೆಯ ವರ್ಷವೆಂದರೆ ಸಂಭ್ರಮದ ಜೊತೆಗೆ ನಾಚಿಕೆಯೂ ಹೌದು. ಪದವಿಪ್ರದಾನದ ದಿನಕ್ಕೆ ಹೊಸ ಅಂಗಿ ಬೇಕು, ತರಗತಿಯ ಉಂಗುರ ಬೇಕು, ಚಿತ್ರ ತೆಗೆಸಬೇಕು. ಇಲ್ಲದವರು ಏನು ಮಾಡುವುದು? ಆ ದಶಕದಲ್ಲಿ ಸಾವಿರಾರು ಮಕ್ಕಳು ಅಧ್ಯಕ್ಷರ ಪತ್ನಿ ಎಲೀನರ್ ರೂಸ್‌ವೆಲ್ಟ್ ಅವರಿಗೆ ಕಾಗದ ಬರೆದರು. ಹಳೆಯ ಅಂಗಿಯಾದರೂ ಸರಿ, ಒಂದನ್ನು ಕಳಿಸಿಕೊಡಿ, ಬೀಳ್ಕೊಡುಗೆಗೆ ಹಾಕಿಕೊಳ್ಳಬೇಕು ಎಂದು ಕೇಳಿದ ಹುಡುಗಿಯರಿದ್ದಾರೆ. ಹೆಚ್ಚಿನ ಪತ್ರಗಳಿಗೆ ದೊರೆತದ್ದು ಕಾರ್ಯದರ್ಶಿಯ ವಿಷಾದದ ಉತ್ತರ. ಅಷ್ಟು ಮಂದಿಗೆ ಯಾರು ತಾನೆ ಅಂಗಿ ಕಳಿಸಿಯಾರು? ಆದರೆ ಕಾಗದ ಬರೆದು, ದಿನವೂ ಅಂಚೆಯವನ ದಾರಿ ನೋಡಿದ ಆ ಹದಿನೇಳರ ಹುಡುಗಿಯನ್ನು ನಾನು ಬಲ್ಲೆ. ಎಸ್ಸೆಸ್ಸೆಲ್ಸಿಯ ಬೀಳ್ಕೊಡುಗೆಯ ದಿನ 'ಹೊಟ್ಟೆನೋವು ಮೇಡಂ' ಎಂದು ಮನೆಯಲ್ಲೇ ಉಳಿಯುತ್ತಿದ್ದವಳು ಅವಳೇ.

1941ರ ಪ್ಲೇನ್ಸ್ ತಂಡದ ಕಥೆ ಸ್ವಲ್ಪ ತಮಾಷೆಯದು. ಕೊನೆಯ ವರ್ಷದ ಕೆಲವು ಹುಡುಗರು ಒಂದು ದಿನ ತರಗತಿ ತಪ್ಪಿಸಿ ಹತ್ತಿರದ ಅಮೆರಿಕಸ್ ಪಟ್ಟಣಕ್ಕೆ ಹೋದರು. ಜಿಮ್ಮಿಯೂ ಇದ್ದ. ತಿರುಗಿ ಬಂದಾಗ ಎಲ್ಲರಿಗೂ ಶಿಕ್ಷೆಯಾಯಿತು. ತರಗತಿಗೆ ಮೊದಲಿಗನಾಗಿ ವಿದಾಯ ಭಾಷಣ ಮಾಡುವ ಗೌರವ ಜಿಮ್ಮಿಗೆ ತಪ್ಪಿ, ಒಬ್ಬ ಹುಡುಗಿಗೆ ದೊರೆಯಿತು. ಹನ್ನೊಂದು ವರ್ಷದ ಓದಿಗೆ ಒಂದು ದಿನದ ಹುಡುಗಾಟ ಅಡ್ಡ ಬರಬೇಕಿತ್ತೇ? ಅಂದಿನ ಶಿಕ್ಷಕರ ಜಾಗದಲ್ಲಿ ನಿಂತರೆ ನಾನೂ ಅದನ್ನೇ ಮಾಡುತ್ತಿದ್ದೆನೇನೋ. ಶಿಸ್ತು ಒಬ್ಬನಿಗೊಂದು, ಮತ್ತೊಬ್ಬನಿಗೊಂದು ಆಗಲಾರದು. ಆ ಹುಡುಗಿ ಆ ದಿನವೂ ತರಗತಿಯಲ್ಲಿದ್ದಳು ಎಂಬುದನ್ನೂ ನೆನೆಯಬೇಕು.

ತಂದೆಯ ಕಡೆಯ ವಂಶದಲ್ಲಿ ಪ್ರೌಢಶಾಲೆ ಮುಗಿಸಿದವರಲ್ಲಿ ಜಿಮ್ಮಿಯೇ ಮೊದಲಿಗ. ಅಮೆರಿಕಸ್ಸಿನ ಕಾಲೇಜಿನಲ್ಲಿ ಒಂದು ವರ್ಷ ಓದಿ, ಅಟ್ಲಾಂಟಾದ ಜಾರ್ಜಿಯಾ ಟೆಕ್ ಸೇರಿ, 1943ರಲ್ಲಿ ಅನಾಪೊಲಿಸ್ಸಿನ ನೌಕಾ ಅಕಾಡೆಮಿಗೆ ಹೋದರು. ಅಲ್ಲಿ ಶುಲ್ಕವಿಲ್ಲ. ಎಷ್ಟೋ ಮಂದಿಗೆ ಇದ್ದ ದಾರಿ ಅದೊಂದೇ. ಆ ತಂಡ ಶಾಲೆ ಬಿಟ್ಟು ಎಂಟು ತಿಂಗಳು ತುಂಬುವ ಮೊದಲೇ ಪರ್ಲ್ ಹಾರ್ಬರ್ ನಡೆದು, ಕೆಲಸವಿಲ್ಲದೆ ಅಲೆಯಬೇಕಾಗಿದ್ದ ಹುಡುಗರಿಗೆ ಯುದ್ಧ ಕೆಲಸ ಕೊಟ್ಟಿತು. ಮೂರು ವರ್ಷದ ನಂತರ, 1944ರಲ್ಲಿ, ಇದೇ ಶಾಲೆಯಲ್ಲಿ ಓದು ಮುಗಿಸಿದವಳು ರೋಸಲಿನ್ ಸ್ಮಿತ್. ಅವಳ ತಂದೆ ಮೆಕ್ಯಾನಿಕ್ ಆಗಿದ್ದವರು, 1940ರಲ್ಲಿ ತೀರಿಕೊಂಡರು. ಹದಿಮೂರರ ಹುಡುಗಿ, ಕೆಳಗೆ ಮೂವರು ಚಿಕ್ಕವರು. ತಾಯಿ ಊರವರ ಬಟ್ಟೆ ಹೊಲಿದು ಮನೆ ನಡೆಸಿದರು. 1946ರಲ್ಲಿ ಅವಳು ಜಿಮ್ಮಿಯನ್ನು ಮದುವೆಯಾದಳು. ಒಂದೇ ಹಳ್ಳಿಯ ಶಾಲೆಯಿಂದ ಶ್ವೇತಭವನಕ್ಕೆ ಗಂಡ ಹೆಂಡತಿ ಇಬ್ಬರೂ!

1977ರ ಜನವರಿ 20ರಂದು ಅಧ್ಯಕ್ಷರಾಗಿ ಮಾಡಿದ ಮೊದಲ ಭಾಷಣದ ಆರಂಭದಲ್ಲೇ ಕಾರ್ಟರ್ ತಮ್ಮ ಹೈಸ್ಕೂಲಿನ ಶಿಕ್ಷಕಿ ಮಿಸ್ ಜೂಲಿಯಾ ಕೋಲ್ಮನ್ ಅವರ ಹೆಸರು ಹೇಳಿದರು. ಕಾಲ ಬದಲಾದಂತೆ ಹೊಂದಿಕೊಳ್ಳಬೇಕು, ಆದರೆ ಬದಲಾಗದ ತತ್ವಗಳನ್ನು ಬಿಡಬಾರದು ಎಂದು ಅವರು ಹೇಳುತ್ತಿದ್ದುದನ್ನು ನೆನೆದರು. 2002ರಲ್ಲಿ ನೊಬೆಲ್ ಶಾಂತಿ ಪ್ರಶಸ್ತಿ ಪಡೆದಾಗಲೂ ಆ ಹೆಸರು ಬಿಡಲಿಲ್ಲ. ಮಿಸ್ ಜೂಲಿಯಾ ಅದಾವುದನ್ನೂ ಕೇಳಲಿಲ್ಲ. ಅವರು 1973ರಲ್ಲೇ ತೀರಿಕೊಂಡಿದ್ದರು.

ಇಲ್ಲಿಗೆ ನಿಲ್ಲಿಸಿದ್ದರೆ ಇದೊಂದು ಒಳ್ಳೆಯ ಶಿಕ್ಷಕರ ದಿನಾಚರಣೆಯ ಭಾಷಣವಾಗುತ್ತಿತ್ತು. ಆದರೆ ಆ ಪುನರ್ನಿರ್ಮಿತ ತರಗತಿಯಲ್ಲಿ ನಿಂತಾಗ ಇನ್ನೊಂದನ್ನು ಯೋಚಿಸದೆ ಇರಲಾಗಲಿಲ್ಲ. ಆ ಬೆಂಚುಗಳ ಮೇಲೆ ಕುಳಿತವರೆಲ್ಲ ಬಿಳಿಯ ಮಕ್ಕಳು.

ಕಾರ್ಟರ್ ಬೆಳೆದದ್ದು ಪ್ಲೇನ್ಸ್‌ನಲ್ಲಲ್ಲ, ಅಲ್ಲಿಂದ ಎರಡು ಮೂರು ಮೈಲಿ ದೂರದ ಆರ್ಚರಿ ಎಂಬ ಬಡಾವಣೆಯಲ್ಲಿ. ನೆರೆಹೊರೆಯವರು ಹೆಚ್ಚಾಗಿ ಕಪ್ಪು ಜನ. ಒಡನಾಡಿದ, ಮೀನು ಹಿಡಿದ, ಕುಸ್ತಿಯಾಡಿದ ಗೆಳೆಯರೆಲ್ಲ ಕಪ್ಪು ಹುಡುಗರು. ತಾಯಿ ಲಿಲಿಯನ್ ದಾದಿ. ಬಣ್ಣ ನೋಡದೆ ಶುಶ್ರೂಷೆ ಮಾಡುತ್ತಿದ್ದವರು. (ಇದೇ ಲಿಲಿಯನ್ ಕಾರ್ಟರ್ 68ನೆಯ ವಯಸ್ಸಿನಲ್ಲಿ ಪೀಸ್ ಕೋರ್ ಸೇರಿ ಮುಂಬಯಿಯ ವಿಕ್ರೋಲಿಗೆ ಬಂದು ಸುಮಾರು ಎರಡು ವರ್ಷ ಕೆಲಸ ಮಾಡಿದರೆಂಬುದು ನಮ್ಮಲ್ಲಿ ಅನೇಕರಿಗೆ ತಿಳಿಯದು.) ಬೆಳಗಾದರೆ ದಾರಿ ಬೇರೆ. ಬಿಳಿಯ ಮಕ್ಕಳು ಬಸ್ಸಿನಲ್ಲಿ ಇಟ್ಟಿಗೆಯ ಕಟ್ಟಡಕ್ಕೆ. ಕಪ್ಪು ಮಕ್ಕಳು ನಡೆದು ತಮ್ಮ ಬೇರೆ ಶಾಲೆಗೆ. ಆ ಸೀಮೆಯಲ್ಲಿ ಅವರ ಶಾಲೆಗಳು ಅನೇಕ ಕಡೆ ಇಗರ್ಜಿಯ ಒಂದು ಕೊಠಡಿಯಲ್ಲಿ ನಡೆಯುತ್ತಿದ್ದವು. ವರ್ಷದ ಅವಧಿಯೂ ಚಿಕ್ಕದು, ಏಕೆಂದರೆ ಹತ್ತಿ ಬಿಡಿಸುವ ಕಾಲಕ್ಕೆ ಆ ಕೈಗಳು ಹೊಲದಲ್ಲಿ ಬೇಕು. ಮಿಸ್ ಜೂಲಿಯಾ ಅವರ ನಕ್ಷತ್ರಗಳು, ಟಾಲ್‌ಸ್ಟಾಯ್‌, ಅಧ್ಯಕ್ಷ ಪದವಿಯ ಮಾತು, ಯಾವುದೂ ಅವರಿಗಲ್ಲ.

ಹದಿನಾಲ್ಕರ ಸುಮಾರಿಗೆ ನಡೆದದ್ದೊಂದನ್ನು ಕಾರ್ಟರ್ ಬರೆದಿದ್ದಾರೆ. ಇಬ್ಬರು ಕಪ್ಪು ಗೆಳೆಯರ ಜೊತೆ ಹೊಲದಿಂದ ಬರುತ್ತಿದ್ದಾಗ, ಗೋಮಾಳದ ಗೇಟಿನ ಹತ್ತಿರ ಆ ಇಬ್ಬರೂ ಹಿಂದೆ ಸರಿದು ನಿಂತು, ಗೇಟು ತೆರೆದು, ಇವನನ್ನು ಮೊದಲು ಹೋಗಲು ಬಿಟ್ಟರು. ಏನೋ ಕೀಟಲೆ, ಕಾಲಿಗೆ ತಂತಿ ಕಟ್ಟಿರಬೇಕು ಎಂದುಕೊಂಡ ಹುಡುಗ. ತಂತಿ ಇರಲಿಲ್ಲ. ಇನ್ನು ಮುಂದೆ ಹೀಗೆ ನಡೆದುಕೊಳ್ಳಬೇಕೆಂದು ಅವರ ಮನೆಯಲ್ಲಿ ಹೇಳಿ ಕಳಿಸಿದ್ದಿರಬೇಕೆಂದು ಅರ್ಥವಾಗುವ ಹೊತ್ತಿಗೆ ಅವರು ವಯಸ್ಕರಾಗಿದ್ದರು.

ಇನ್ನೂ ಮುಂದಿನದು ನನ್ನನ್ನು ಬಹಳ ದಿನ ಕಾಡಿತು. ನೌಕಾಪಡೆಯಿಂದ ಊರಿಗೆ ಮರಳಿದ ಮೇಲೆ, 1950ರ ದಶಕದಲ್ಲಿ ಕಾರ್ಟರ್ ಆ ಜಿಲ್ಲೆಯ ಶಾಲಾ ಮಂಡಳಿಯ ಸದಸ್ಯರಾದರು. ಮಂಡಳಿಯಲ್ಲಿ ಕೂತು ಹಲವು ತಿಂಗಳು ಕಳೆದ ಮೇಲೆ ಅವರಿಗೆ ಹೊಳೆಯಿತಂತೆ: ಬಿಳಿಯ ಮಕ್ಕಳು ಬಸ್ಸಿನಲ್ಲಿ ಹೋಗುತ್ತಿದ್ದಾರೆ, ಕಪ್ಪು ಮಕ್ಕಳು ನಡೆಯುತ್ತಿದ್ದಾರೆ! ಚಿಕ್ಕಂದಿನಿಂದ ದಿನವೂ ಕಣ್ಣೆದುರು ನಡೆದದ್ದು. ಯಾರೂ ಮುಚ್ಚಿಟ್ಟಿರಲಿಲ್ಲ. ಆದರೂ ಕಂಡಿರಲಿಲ್ಲ. ಅದನ್ನು ಒಪ್ಪಿ ಬರೆದದ್ದಕ್ಕಾಗಿ ಅವರ ಮೇಲೆ ನನಗೆ ಗೌರವ ಹೆಚ್ಚಿತು. 1971ರಲ್ಲಿ ಜಾರ್ಜಿಯಾದ ರಾಜ್ಯಪಾಲರಾದ ದಿನ, ವರ್ಣಭೇದದ ಕಾಲ ಮುಗಿಯಿತೆಂದು ನೇರವಾಗಿ ಹೇಳಿದವರೂ ಅವರೇ. ಆದರೆ ಮಿಸ್ ಜೂಲಿಯಾ? ಅಷ್ಟು ವಿಶಾಲ ಮನಸ್ಸಿನ ಶಿಕ್ಷಕಿಗೆ ತಮ್ಮ ಶಾಲೆಯ ಮುಂದಿನ ರಸ್ತೆಯಲ್ಲಿ ನಡೆದು ಹೋಗುವ ಮಕ್ಕಳು ಕಾಣಿಸಿರಲಿಲ್ಲವೇ? ಕಾನೂನು ಹಾಗಿತ್ತು, ಒಬ್ಬ ಶಿಕ್ಷಕಿ ಏನು ಮಾಡಬಲ್ಲಳು ಎಂದು ಅವರ ಪರವಾಗಿ ವಾದಿಸಲು ಹೊರಟೆ. ವಾದ ಅರ್ಧಕ್ಕೆ ನಿಂತಿತು, ಏಕೆಂದರೆ ನನಗೆ ಕಿಟಕಿಯ ಪಕ್ಕದ ಹುಡುಗ ನೆನಪಾದ.

ಅವನು ಊರಿನವನಲ್ಲ. ನಾಲ್ಕು ಮೈಲಿ ದೂರದ ಹಟ್ಟಿಯಿಂದ ಬರುತ್ತಿದ್ದ. ನಮ್ಮ ಊರಿಗೆ ಬೆಳಿಗ್ಗೆ ಎಂಟೂವರೆಗೆ ಒಂದು ಬಸ್ಸಿತ್ತು. ನಾನು ಅದರಲ್ಲೇ ಬರುತ್ತಿದ್ದೆ, ಕಿಟಕಿಯ ಸೀಟು. ಆ ದಾರಿಯಲ್ಲಿ ಚೀಲ ಹೆಗಲಿಗೆ ಹಾಕಿ ನಡೆದು ಬರುವ ಐದಾರು ಮಕ್ಕಳನ್ನು ಪ್ರತಿದಿನ ದಾಟುತ್ತಿದ್ದೆ. ಅವರು ಕೈ ಬೀಸುತ್ತಿದ್ದರು, ನಾನೂ ಬೀಸುತ್ತಿದ್ದೆ. ಮೊದಲ ಅವಧಿಗೆ ಅವನು ಹತ್ತು ನಿಮಿಷ ತಡವಾಗಿ ಬಂದರೆ ಬಾಗಿಲಲ್ಲಿ ನಿಲ್ಲಿಸುತ್ತಿದ್ದವಳೂ ನಾನೇ. ಕಾರ್ತಿಕದಲ್ಲಿ ಶೇಂಗಾ ಕೀಳುವ ಕಾಲಕ್ಕೆ ಅವನು ಹದಿನೈದು ಇಪ್ಪತ್ತು ದಿನ ಬರುತ್ತಿರಲಿಲ್ಲ. ಹಾಜರಿ ಪುಸ್ತಕದಲ್ಲಿ ನಾನು ಸಾಲಾಗಿ 'ಗೈ' 'ಗೈ' ಎಂದು ಬರೆದು, ಮೇಲೆ ಕೆಂಪು ಶಾಯಿಯಲ್ಲಿ ಶೇಕಡಾ ಲೆಕ್ಕ ಹಾಕಿದೆ. ಹತ್ತನೆಯ ತರಗತಿಯ ಪಟ್ಟಿಯಲ್ಲಿ ಅವನ ಹೆಸರಿರಲಿಲ್ಲ. ಯಾಕೆಂದು ನಾನು ಯಾರನ್ನೂ ಕೇಳಲಿಲ್ಲ.

ಮೊನ್ನೆ ಇದನ್ನು ಬರೆಯಲು ಕೂತಾಗ ಆ ಪ್ರಶ್ನೆಯೇ ಬೇರೆಯಾಗಿ ಕೇಳಿಸಿತು. ತರಗತಿ ನಕ್ಕಿತ್ತು, ನಾನೂ ನಕ್ಕಿದ್ದೆ. ಅವನು ಅಮೆರಿಕದ ಬಗ್ಗೆ ಕೇಳುತ್ತಿದ್ದನೋ ಇಲ್ಲವೋ, ಈಗ ಖಚಿತವಿಲ್ಲ. ಮುಂದಿನ ತಿಂಗಳು ಶೇಂಗಾ ಕೀಳುವ ಕಾಲವಿತ್ತು.

ಅವನ ಹೆಸರನ್ನು ಇಲ್ಲಿ ಬರೆಯುವುದು ಸರಿಯಲ್ಲ. ಆ ತರಗತಿಯಲ್ಲಿದ್ದವರಿಗೆ ಯಾರೆಂದು ತಿಳಿದಿರುತ್ತದೆ. ಕಿಟಕಿಯ ಕಡೆ ಎರಡನೆಯ ಬೆಂಚು, ನಕ್ಷೆ ಬರೆಯುವುದರಲ್ಲಿ ಅವನಿಗೆ ಸಮನಾದವರು ಇರಲಿಲ್ಲ. ಈಗ ಐವತ್ತರ ಹತ್ತಿರ ಇರಬೇಕು. ಹಿರಿಯೂರಿನ ಕಡೆ ಲಾರಿ ಓಡಿಸುತ್ತಿದ್ದಾನೆಂದು ಬಹಳ ಹಿಂದೆ ಯಾರೋ ಹೇಳಿದ್ದರು. ನಿಮ್ಮಲ್ಲಿ ಯಾರಿಗಾದರೂ ಅವನ ದೂರವಾಣಿ ಸಂಖ್ಯೆ ತಿಳಿದಿದ್ದರೆ ನನಗೆ ತಿಳಿಸಿ. 'ನಾಳೆ ನೋಡೋಣ' ಎಂದಿದ್ದ ಉತ್ತರ ಸಿಕ್ಕಿದೆ ಎಂದು ಹೇಳಬೇಕಾಗಿದೆ.